ಹೊಟ್ಟೆಯ ಬೆಂಕಿ, ಹೊಟ್ಟೆಕಿಚ್ಚು

'ಫೈರ್ ಇನ್ ದಿ ಬೆಲ್ಲಿ' ಎಂಬ ಇಂಗ್ಲಿಷ್ ಮಾತನ್ನು ಬೆಟಗೇರಿಯಲ್ಲೋ ಮುಂಡರಗಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದುವ ಹತ್ತನೆಯ ತರಗತಿಯ ಹುಡುಗಿಯ ಮುಂದಿಡಿ. ಅವಳು ತಡವರಿಸುವುದಿಲ್ಲ. ಬೆಲ್ಲಿ ಎಂದರೆ ಹೊಟ್ಟೆ, ಫೈರ್ ಎಂದರೆ ಬೆಂಕಿ. ಹೊಟ್ಟೆಯೊಳಗಿನ ಬೆಂಕಿಗೆ ನಮ್ಮಲ್ಲಿ ಹೆಸರೇ ಇದೆ, ಹೊಟ್ಟೆಕಿಚ್ಚು. ಹೀಗೆ ತಿಳಿದುಕೊಂಡವಳು ಕ್ರೀಡಾ ಪುಟದಲ್ಲಿ ಹೊಸ ಬೌಲರ್ ಒಬ್ಬನ ಬಗ್ಗೆ ಈ ಮಾತು ಓದಿದರೆ, ಪಾಪ, ಅವನು ಕಂಡವರ ಏಳಿಗೆಗೆ ಕರುಬುವ ಸಣ್ಣ ಮನುಷ್ಯ ಎಂದುಕೊಳ್ಳುತ್ತಾಳೆ. ಬರೆದವನು ಹೊಗಳಿದ್ದಾನೆ: ಹುಡುಗನಲ್ಲಿ ಗೆಲ್ಲಲೇಬೇಕೆಂಬ ಛಲವಿದೆ ಎಂದು. ಅದೇ ಹೊಟ್ಟೆ, ಅದೇ ಬೆಂಕಿ; ಅಲ್ಲಿ ಮೆಚ್ಚುಗೆ, ಇಲ್ಲಿ ಬೈಗುಳ. 'ಗಿವ್ ಎ ಹ್ಯಾಂಡ್' ಇದಕ್ಕಿಂತ ಒಂದು ಕೈ ಮೇಲು. ಇಂಗ್ಲಿಷಿನವನು ಕೈ ಕೊಟ್ಟರೆ ನೆರವಿಗೆ ಬಂದ ಎಂದರ್ಥ. ನಮ್ಮಲ್ಲಿ ಕೈ ಕೊಟ್ಟರೆ ಕೆಲಸ ಕೆಟ್ಟಿತು: ಮಳೆ ಕೈ ಕೊಟ್ಟಿತು, ಪಂಪ್‌ಸೆಟ್ ಕೈ ಕೊಟ್ಟಿತು, ನಂಬಿದ ಪಾಲುದಾರ ಕೈ ಕೊಟ್ಟ. ಅರ್ಥವೇ ಹೊಳೆಯದ ನುಡಿಗಟ್ಟು ಓದುವವರನ್ನು ಕೆಡಿಸುವುದಿಲ್ಲ, ನಿಲ್ಲಿಸುತ್ತದೆ ಅಷ್ಟೇ. ಅವರು ನಿಘಂಟು ತೆರೆಯುತ್ತಾರೆ. ಕೆಡಿಸುವುದು, ಗೊತ್ತಿದೆ ಅನ್ನಿಸುವ ನುಡಿಗಟ್ಟು.

ಕರ್ನಾಟಕದ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಗುತ್ತದೆ. ಅಲ್ಲಿಂದ ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ, ಆಮೇಲೆ ಬ್ಯಾಂಕು, ರೈಲ್ವೆ, ಪೊಲೀಸ್ ಪರೀಕ್ಷೆಗಳ ತಯಾರಿಯಲ್ಲಿ, ಹುಡುಗರ ಕೈಗೆ ಸಿಗುವುದು ಒಂದೇ ನಮೂನೆಯ ಪಟ್ಟಿ. ಎಡಕ್ಕೆ ಇಂಗ್ಲಿಷ್ ನುಡಿಗಟ್ಟು, ನಡುವೆ ಎರಡು ಪದದ ಅರ್ಥ, ಬಲಕ್ಕೆ 'ಸಮಾನ' ಕನ್ನಡ ಗಾದೆ. ಮೊದಲೆರಡು ಕಾಲಂಗಳ ಬಗ್ಗೆ ನನ್ನ ತಕರಾರು ಸಣ್ಣದು. ತೊಡಕಿರುವುದು ಮೂರನೆಯದರಲ್ಲಿ. ಅಲ್ಲಿ ಎಳೆದ ಸಮಾನ ಗೆರೆ ಎಷ್ಟೋ ಕಡೆ ಸುಳ್ಳು, ಮತ್ತು ಎಲ್ಲಿ ಸುಳ್ಳೋ ಅಲ್ಲಿಯೇ ಕಲಿಯಲು ಏನಾದರೂ ಇದೆ. ಎರಡು ನುಡಿಗಳ ಮಾತುಗಳು ಎಲ್ಲಿ ಒಂದಕ್ಕೊಂದು ಕೂಡುವುದಿಲ್ಲವೋ ಅಲ್ಲಿ ಮಗುವನ್ನು ನಿಲ್ಲಿಸಿ ಯಾಕೆ ಎಂದು ಕೇಳಿದರೆ ನುಡಿಗಟ್ಟು ತಲೆಗೆ ಹತ್ತುತ್ತದೆ. ಆ ಪ್ರಶ್ನೆಗೆ ಉತ್ತರಿಸಲು ಬೇಕಾದ ಕಿವಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಕ್ಕಳಿಗೆ ಹೊರಗಿನಿಂದ ಬರಬೇಕಿಲ್ಲ. ಮನೆಯಲ್ಲಿ ಅದು ಹಗಲೆಲ್ಲ ಕೆಲಸ ಮಾಡುತ್ತಿರುತ್ತದೆ. ಶಾಲೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಅದನ್ನೂ ಬಿಡಿಸುತ್ತೇವೆ.

'ಇಡಿಯಮ್' ಎಂಬ ಪದದ ಬೇರು ಗ್ರೀಕಿನ 'ಇಡಿಯೊಸ್', ಅಂದರೆ ಸ್ವಂತದ್ದು, ತನ್ನದೇ ಆದದ್ದು. ನಮ್ಮ 'ನುಡಿಗಟ್ಟು' ಇನ್ನೂ ಖಚಿತವಾದ ಹೆಸರು: ನುಡಿಯ ಕಟ್ಟು, ಹುರಿಯಿಂದ ಬಿಗಿದ ಹೊರೆ. ಒಂದು ಕಡ್ಡಿ ಹಿರಿದರೆ ಹೊರೆ ಚೆಲ್ಲುತ್ತದೆ. ಜಗಳವಾದ ಮೇಲೆ ಹಿರಿಯರು 'ಆದದ್ದಾತು, ಹೊಟ್ಟ್ಯಾಗ ಹಾಕ್ಕೋರಿ' ಎನ್ನುತ್ತಾರೆ, ಕ್ಷಮಿಸಿ ಎಂದರ್ಥ. ಅದನ್ನೇ 'ಉದರದಲ್ಲಿ ಹಾಕಿಕೊಳ್ಳಿ' ಎಂದರೆ ಕ್ಷಮೆ ಹೋಗಿ ನಗೆ ಉಳಿಯುತ್ತದೆ. 'ಕೈ ಕೊಟ್ಟ' ಎನ್ನುವಲ್ಲಿ 'ಹಸ್ತ ಕೊಟ್ಟ' ಎಂದರೆ ಈಗಿನ ಕಾಲದಲ್ಲಿ ಪಕ್ಷದ ಟಿಕೆಟ್ಟಿನ ಮಾತೇ ಆದೀತು. ಹೊಟ್ಟೆಕಿಚ್ಚನ್ನು 'ಜಠರಾಗ್ನಿ' ಮಾಡಿದರೆ ಅಸೂಯೆ ಮಾಯವಾಗಿ ಹಸಿವು ಬಂದುಬಿಡುತ್ತದೆ. ಪದಕ್ಕೆ ಪದ ಅರ್ಥ ಒಂದೇ ಇದ್ದರೂ ಕಟ್ಟು ಬಿಚ್ಚಿಹೋಗುತ್ತದೆ ಎಂಬುದನ್ನು ಎಂಟು ವರ್ಷದ ಮಗುವೂ ಬಲ್ಲದು. ಯಾರೂ ಅದಕ್ಕೆ ಪಾಠ ಹೇಳಿಲ್ಲ. ಇಷ್ಟು ಬಲ್ಲ ಮಗುವಿಗೆ, ಇಂಗ್ಲಿಷಿನಲ್ಲಿ 'ಕಿಕ್ ದಿ ಬಕೆಟ್' ಎಂಬಲ್ಲಿ ಬಕೆಟ್ ತೆಗೆದು ಬುಟ್ಟಿ ಇಟ್ಟರೆ ಯಾರೂ ಸಾಯುವುದಿಲ್ಲ ಎಂದು ವಿವರಿಸುವುದು ಎಷ್ಟು ಹೊತ್ತಿನ ಕೆಲಸ?

ಈ ಪರೀಕ್ಷೆಯನ್ನು ಇದೇ ಸೀಮೆಯಲ್ಲಿ ಒಂಬೈನೂರು ವರ್ಷಗಳ ಹಿಂದೆ ಒಬ್ಬ ಮಾಡಿಟ್ಟಿದ್ದಾನೆ. ಗದಗ ತಾಲ್ಲೂಕಿನ ಮುಳಗುಂದದ ನಯಸೇನ 1112ರಲ್ಲಿ 'ಧರ್ಮಾಮೃತ' ಬರೆದ. ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಬೇಕಿಲ್ಲದ ಕಡೆ ಸಂಸ್ಕೃತ ತುರುಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂದು ಹಂಗಿಸಿದ. ಆ ಮಾತನ್ನು ಇವತ್ತು ಶುದ್ಧ ಕನ್ನಡದ ಘೋಷಣೆಯಾಗಿ ಬಳಸುವವರುಂಟು. ಅವನ ತಕರಾರು ಅದಕ್ಕಿಂತ ಸೂಕ್ಷ್ಮವಾದದ್ದೆಂದು ನನ್ನ ಓದು. ತುಪ್ಪವೂ ಕೆಟ್ಟದ್ದಲ್ಲ, ಎಣ್ಣೆಯೂ ಕೆಟ್ಟದ್ದಲ್ಲ, ಕೂಡಿಸಿದರೆ ಎರಡರ ರುಚಿಯೂ ಹೋಗುತ್ತದೆ. ಧರ್ಮಾಮೃತದ ತುಂಬ ಅವನು ಪೋಣಿಸಿದ ಹೋಲಿಕೆಗಳು, ಗಾದೆಗಳು ಒಕ್ಕಲು ಮನೆಯಿಂದ, ಅಡುಗೆ ಮನೆಯಿಂದ, ಸಂತೆಯಿಂದ ಎದ್ದು ಬಂದವು. ಜೈನ ಧರ್ಮದ ಬಿಗಿಯಾದ ತತ್ವವನ್ನು ಓದು ಬಾರದವರ ಮನಸ್ಸಿಗೆ ಮುಟ್ಟಿಸಲು ಅವನು ವ್ಯಾಖ್ಯೆ ಕೊಡಲಿಲ್ಲ, 'ಇದು ಅದರ ಹಾಗೆ' ಎಂದು ಒಂದರ ಮೇಲೊಂದು ಹೋಲಿಕೆ ಇಟ್ಟ. ಗದುಗಿನ ವೀರನಾರಾಯಣನ ಗುಡಿಯ ಕಂಬಕ್ಕೊರಗಿ ಭಾರತ ಬರೆದನೆನ್ನುವ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಎಂದು ಕೊಂಡಾಡದ ಭಾಷಣ ಈ ಊರಲ್ಲಿಲ್ಲ. ಚಕ್ರವರ್ತಿಯ ಭರಾಟೆಯಲ್ಲಿ ಮುಳಗುಂದದವನನ್ನು ಮರೆಯುತ್ತೇವೆ. ತರಗತಿಗೆ ಹೆಚ್ಚು ಬೇಕಾದವನು ಅವನೇ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಸುಮಾರು 850ರ 'ಕವಿರಾಜಮಾರ್ಗ' ಕನ್ನಡದ ತಿರುಳಿನ ನೆಲೆಯೆಂದು ಎಣಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. 941ರಲ್ಲಿ ಪಂಪ ತನ್ನ ಭಾರತ ಪುಲಿಗೆರೆಯ ತಿರುಳುಗನ್ನಡದಲ್ಲಿದೆ ಎಂದು ಹೇಳಿಕೊಂಡ. ಇದನ್ನು ಕೇಳಿ ಯಾರಾದರೂ ಮೂಗು ಮುರಿಯಬಹುದು: ಪಂಪನ ಕಾಲದ ಹೆಗ್ಗಳಿಕೆಯಿಂದ ಇವತ್ತಿನ ಹುಡುಗನಿಗೆ ಇಂಗ್ಲಿಷ್ ಬಂದೀತೆ? ಬರುವುದಿಲ್ಲ, ಒಪ್ಪೋಣ. ಶಾಸನವಿರುವ ಊರಲ್ಲಿ ಹುಟ್ಟಿದ ಮಾತ್ರಕ್ಕೆ ಯಾರ ನಾಲಿಗೆಯೂ ತಿರುಗುವುದಿಲ್ಲ. ಆದರೆ ತಿರುಳು ಎಂಬ ಆ ಮಾತನ್ನು ಗಮನಿಸಬೇಕು. ಭಾಷೆಗೆ ಸಿಪ್ಪೆಯೂ ತಿರುಳೂ ಬೇರೆಬೇರೆ ಇವೆ, ನಿಘಂಟಿಗೆ ಸಿಗುವುದೊಂದು, ನಾಲ್ಕು ಮಂದಿಯ ನಡುವೆ ಕೂತಾಗ ಸಿಗುವುದು ಇನ್ನೊಂದು ಎಂಬ ಅರಿವು ಇಲ್ಲಿ ಅಷ್ಟು ಹಿಂದೆಯೇ ಇತ್ತು. ಇಂಗ್ಲಿಷ್ ಪಾಠದಲ್ಲಿ ಕಾಣೆಯಾದದ್ದು ಆ ಅರಿವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆರೆದು ನೋಡಿ. ಪದದ ಅರ್ಥ ಕೊಟ್ಟು ಕೈ ತೊಳೆದುಕೊಳ್ಳದೆ, ಅದರ ಅಡಿಯಲ್ಲಿ ಆ ಪದ ಕೂತಿರುವ ಗಾದೆಯನ್ನೂ ಆ ಜರ್ಮನ್ ಪಾದ್ರಿ ಇಡುತ್ತಾ ಹೋಗುತ್ತಾನೆ. ಪರದೇಶದಿಂದ ಬಂದು ಕನ್ನಡ ಕಲಿತವನಿಗೆ ಗೊತ್ತಾಗಿತ್ತು, ಪದ ಒಂಟಿಯಾಗಿ ಬದುಕುವುದಿಲ್ಲವೆಂದು. ಅವನು ನಮ್ಮ ನುಡಿಗೆ ತೋರಿಸಿದ ಮರ್ಯಾದೆಯನ್ನು ನಾವು ಇಂಗ್ಲಿಷಿಗೂ ತೋರಿಸುತ್ತಿಲ್ಲ, ಕನ್ನಡಕ್ಕೂ ತೋರಿಸುತ್ತಿಲ್ಲ.

ಈಗ ಪಟ್ಟಿಯ ಮೂರನೆಯ ಕಾಲಂನ ಅತಿ ಪ್ರಸಿದ್ಧ ಜೋಡಿಗೆ ಬರೋಣ. 'ಮೇಕ್ ಹೇ ವೈಲ್ ದಿ ಸನ್ ಶೈನ್ಸ್', ಎದುರಿಗೆ 'ಗಾಳಿ ಬಂದಾಗ ತೂರಿಕೋ'. ಎರಡೂ 'ಸಮಯ ಬಳಸಿಕೋ' ಎನ್ನುತ್ತವೆ ಎಂದು ಗೈಡು ಮುಂದಕ್ಕೆ ಹೋಗುತ್ತದೆ. ನಾವು ಸ್ವಲ್ಪ ನಿಲ್ಲೋಣ. ಇಂಗ್ಲಿಷ್ ಮಾತು 1546ರ ಜಾನ್ ಹೇವುಡ್‌ನ ಗಾದೆ ಪುಸ್ತಕದಲ್ಲಿಯೇ ಇದೆ. ಇಂಗ್ಲೆಂಡಿನ ಬೇಸಿಗೆಯನ್ನು ನಂಬುವಂತಿಲ್ಲ. ಕೊಯ್ದು ಹರವಿದ ಹುಲ್ಲು ಒಣಗಲು ಬಿಡುವಿಲ್ಲದ ಕೆಲವು ದಿನಗಳ ಬಿಸಿಲು ಬೇಕು, ನಡುವೆ ಮಳೆ ಬಿದ್ದರೆ ಹುಲ್ಲು ಕೊಳೆತು ಚಳಿಗಾಲದಲ್ಲಿ ದನಕ್ಕೆ ಮೇವಿಲ್ಲ. ಮುಂಡರಗಿಯವನಿಗೆ ಬಿಸಿಲು ಬಂದಾಗ ಕೆಲಸ ಮಾಡು ಎಂದು ಹೇಳಿ ನೋಡಿ. ವರ್ಷದ ಹತ್ತು ತಿಂಗಳೂ ನೆತ್ತಿ ಸುಡುವ ಎರೆ ಹೊಲದಲ್ಲಿ ನಿಂತು ಅವನು ನಗುತ್ತಾನೆ. ಅವನು ಕಾಯುವುದು ಗಾಳಿಗೆ. ಹಿಂಗಾರಿ ಜೋಳದ ಸುಗ್ಗಿ. ಸೆಗಣಿಯಿಂದ ಸಾರಿಸಿದ ಕಣ, ನಡುವೆ ಮೇಟಿ, ಮೇಟಿಯ ಸುತ್ತ ಹಂತಿ ಕಟ್ಟಿದ ಎತ್ತುಗಳು ತೆನೆ ತುಳಿದು ಮುಗಿಸಿವೆ. ಕಾಳು, ಹೊಟ್ಟು, ಧೂಳು ಎಲ್ಲ ಕಲೆತು ಗುಡ್ಡೆಯಾಗಿದೆ. ಒಬ್ಬ ಎತ್ತರದ ಮೇಲೆ ನಿಂತು ಮರ ತುಂಬಿ ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಾನೆ. ಗಾಳಿ ಇಲ್ಲ. ತೋಳು ಇಳಿಸುತ್ತಾನೆ, ಬೆವರು ಒರೆಸುತ್ತಾನೆ, ಬೀಡಿ ಹಚ್ಚಿ ಹೊಗೆ ಯಾವ ಕಡೆ ವಾಲುತ್ತದೆಂದು ನೋಡುತ್ತಾನೆ. ನಡುರಾತ್ರಿಗೆ ತೆಂಕಣದಿಂದ ಒಂದು ಸುಳುಹು ಬರುತ್ತದೆ. ಮಲಗಿದವರೆಲ್ಲ ಎದ್ದರು, ಮರ ಮೇಲೇರಿತು, ನಿಧಾನಕ್ಕೆ ಅಲುಗಿತು, ಕಾಳು ನೆಟ್ಟಗೆ ಕೆಳಗೆ, ಹೊಟ್ಟು ಅತ್ತ ಹಾರಿ ದೂರಕ್ಕೆ. ಬಿಸಿಲು ಹಗಲಿಗೆ ಮಾತ್ರ, ಗಾಳಿಗೆ ಹಗಲು ರಾತ್ರಿ ಇಲ್ಲ. ಇಂಗ್ಲಿಷ್ ಗಾದೆಯಲ್ಲಿ ಇರುವುದು ಮುಂದಾಲೋಚನೆ, ನಮ್ಮದರಲ್ಲಿ ಇರುವುದು ಎಚ್ಚರ.

ಅಷ್ಟಕ್ಕೇ ಮುಗಿಯಲಿಲ್ಲ. 'ತೂರಿಕೋ' ಎಂಬಲ್ಲಿ ಕೊನೆಗೆ ಅಂಟಿದ 'ಕೋ' ಇದೆಯಲ್ಲ, ಅದು ಸುಮ್ಮನೆ ಬಂದದ್ದಲ್ಲ. ನಿನಗಾಗಿ ತೂರು, ನಿನ್ನ ರಾಶಿ ಮಾಡಿಕೋ ಎನ್ನುವ ಸ್ವಾರ್ಥದ ಸಣ್ಣ ಎಳೆ ಅದರಲ್ಲಿದೆ. ಹೀಗಾಗಿ 'ಅಂವಾ ಗಾಳಿ ಬಂದಾಗ ತೂರ್ಕೊಂಡ' ಎಂದು ಯಾರ ಬಗ್ಗೆಯಾದರೂ ಹೇಳಿದರೆ ಅದು ಪ್ರಶಸ್ತಿಪತ್ರವಲ್ಲ. ಅಧಿಕಾರದಲ್ಲಿದ್ದಾಗ ಸೈಟು ಮಾಡಿಕೊಂಡವನಿಗೆ ಸಲ್ಲುವ ಮಾತು. ಇಂಗ್ಲಿಷಿನಲ್ಲೂ ಎದುರಾಳಿಯ ಎಡವಟ್ಟಿನಿಂದ ಲಾಭ ಹೊಡೆದವನು 'ಹೇ' ಮಾಡಿಕೊಂಡ ಎನ್ನುವುದುಂಟು, ಆದರೆ ಅಲ್ಲಿ ಮೂಲದ ಬಣ್ಣ ದುಡಿಮೆಯದು. ಇನ್ನು ಅದೇ 'ಕೋ' ಕಳಚಿಬಿಡಿ: 'ನಿಯಮ ಗಾಳಿಗೆ ತೂರಿದರು'. ಕಣ ಒಂದೇ, ಮರ ಒಂದೇ, ತೂರುವ ಕೈ ಒಂದೇ. ಒಂದು ಅಕ್ಷರ ಹೋದದ್ದೇ ತಡ, ಕಾಳು ಉಳಿಸುವ ಕೆಲಸ ಎಲ್ಲವನ್ನೂ ಹಾರಿಸಿಬಿಡುವ ಕೆಲಸವಾಯಿತು. ಸಮಾನ ಗೆರೆ ಎಳೆದ ಗೈಡಿನಲ್ಲಿ ಇದಕ್ಕೆ ಜಾಗವಿಲ್ಲ.

ಬೆಟಗೇರಿಗೆ ಬನ್ನಿ. ಸೀರೆ ನೇಯುವ ಊರು. 'ಹಾಸುಹೊಕ್ಕು' ಎಂಬ ಪದವನ್ನು ಸಂಪಾದಕೀಯ ಬರೆಯುವವರು ದಿನಕ್ಕೊಮ್ಮೆ ಬಳಸುತ್ತಾರೆ: ಭ್ರಷ್ಟಾಚಾರ ಹಾಸುಹೊಕ್ಕಾಗಿದೆ, ಜಾತಿ ಹಾಸುಹೊಕ್ಕಾಗಿದೆ. ಬರೆಯುವವರಲ್ಲಿ ಎಷ್ಟು ಜನ ಮಗ್ಗದ ಮುಂದೆ ನಿಂತಿದ್ದಾರೋ! ನೇಕಾರರ ಮನೆಯ ಮಗುವಿಗೆ ಅದು ರೂಪಕವೇ ಅಲ್ಲ. ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿ ಅಡ್ಡಡ್ಡಲಾಗಿ ಒಯ್ಯುವ ನೂಲು ಹೊಕ್ಕು. ಒಂದು ಹಾಸಿನ ಎಳೆ ಕಡಿದರೆ ಅದು ಯಾವ ಜಾಗದಲ್ಲಿ ಕಡಿಯಿತೆಂದು ಬೆರಳು ಹುಡುಕಬೇಕು, ಗಂಟು ಹಾಕಬೇಕು, ಗಂಟು ಮೇಲೆ ಕಾಣದಂತೆ ಒತ್ತಬೇಕು. ಹೊಕ್ಕು ಕಡಿದರೆ ಅಷ್ಟು ತ್ರಾಸಿಲ್ಲ. 'ಎಳೆ ಎಳೆಯಾಗಿ ಬಿಡಿಸಿ ಹೇಳು' ಎಂದರೆ ಎಷ್ಟು ತಾಳ್ಮೆ ಬೇಕೆಂದು ಆ ಮನೆಯವರಿಗೆ ಗೊತ್ತು. ಇಂಥ ಮನೆಯಿಂದ ಶಾಲೆಗೆ ಬಂದ ಮಗುವಿಗೆ 'ಆನ್ ಟೆಂಟರ್‌ಹುಕ್ಸ್' ಎಂಬುದಕ್ಕೆ 'ಆತಂಕದಲ್ಲಿ' ಎಂದು ಒಂದು ಪದ ಬರೆಸಿ ಮುಂದೆ ಹೋಗುವುದು ನನಗೆ ಕಾಣುವಂತೆ ಶುದ್ಧ ದಂಡ. ಟೆಂಟರ್ ಎಂಬುದು ಇಂಗ್ಲೆಂಡಿನ ಉಣ್ಣೆ ನೇಕಾರರ ಮರದ ಚೌಕಟ್ಟು. ತೊಳೆದ ಉಣ್ಣೆ ಬಟ್ಟೆ ಒಣಗುವಾಗ ಕುಗ್ಗುತ್ತದೆಂದು ಅದರ ಅಂಚನ್ನು ಆ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ ನಾಲ್ಕೂ ಕಡೆಯಿಂದ ಎಳೆದು ಬಿಗಿದು ಬಯಲಲ್ಲಿ ಬಿಡುತ್ತಿದ್ದರು. ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿಯ ಮನಸ್ಸು ಆ ಬಟ್ಟೆ. ಬಿಗಿದ ನೂಲಿಗೆ ಬೆರಳಿನಿಂದ ಮೀಟಿದರೆ ಹೇಗೆ ಕಂಪಿಸುತ್ತದೆಂದು ಬಲ್ಲ ಮಗುವಿಗೆ ಅಷ್ಟು ಹೇಳಿದರೆ ಸಾಕು. ಅದು ಜನ್ಮದಲ್ಲಿ ಮರೆಯುವುದಿಲ್ಲ. ಕನ್ನಡದಲ್ಲಿ ಇದಕ್ಕೆ 'ತುದಿಗಾಲ ಮೇಲೆ ನಿಂತ' ಎನ್ನುವುದನ್ನು ಜೋಡಿಸುತ್ತಾರೆ. ತುದಿಗಾಲಲ್ಲಿ ಉತ್ಸಾಹವೂ ಸೇರಿದೆ, ಮದುವೆಗೂ ತುದಿಗಾಲಲ್ಲಿ ನಿಲ್ಲಬಹುದು. ಕೊಕ್ಕೆಗೆ ಸಿಕ್ಕವನಿಗೆ ಉತ್ಸಾಹವಿರುವುದಿಲ್ಲ.

ಹಾಗಾದರೆ ಪ್ರತಿ ನುಡಿಗಟ್ಟಿಗೂ ಹುಟ್ಟಿನ ಕಥೆ ಹೇಳಿಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ಅದು ಅಷ್ಟು ಸಸಾರವಲ್ಲ. ಗದಗದ ಹತ್ತಿರದ ಕಪ್ಪತಗುಡ್ಡದ ಸಾಲನ್ನು ನೋಡಿ. ಶಿರಹಟ್ಟಿ, ಮುಂಡರಗಿ ಕಡೆಯ ಮಕ್ಕಳಿಗೆ ಗಾಳಿಯಂತ್ರ ದಿನದ ನೋಟ. 'ಟಿಲ್ಟಿಂಗ್ ಅಟ್ ವಿಂಡ್‌ಮಿಲ್ಸ್' ಎಂಬ ಮಾತಿನಲ್ಲಿ ಆ ಗಾಳಿಯಂತ್ರವೇ ಇದೆ. ಆದರೂ ವಸ್ತು ಕಣ್ಣೆದುರು ಇರುವುದರಿಂದ ಅರ್ಥಕ್ಕೆ ನಯಾಪೈಸೆಯ ನೆರವಿಲ್ಲ. 1605ರಲ್ಲಿ ಬಂದ ಸರ್ವಾಂಟಿಸ್‌ನ ಕಾದಂಬರಿಯಲ್ಲಿ ಡಾನ್ ಕ್ವಿಕ್ಸೋಟ್ ಎಂಬ ಬಡಕಲು ಸರದಾರ ಗಾಳಿಯಂತ್ರಗಳನ್ನು ರಾಕ್ಷಸರೆಂದು ಬಗೆದು ಭರ್ಜಿ ಹಿಡಿದು ನುಗ್ಗಿ ಬೀಳುವ ಕಥೆ ಗೊತ್ತಿದ್ದರೆ ಮಾತ್ರ, ಇಲ್ಲದ ಹಗೆಯ ಮೇಲೆ ಯುದ್ಧ ಹೂಡುವುದು ಎಂಬ ಅರ್ಥ ಹೊರಡುತ್ತದೆ. ಇಲ್ಲಿ ವಸ್ತುವಿಗಿಂತ ಕಥೆ ಬೇಕು. ಇನ್ನು ಕೆಲವಕ್ಕೆ ಕಥೆಯೂ ಇಲ್ಲ. ಬೆಕ್ಕು ನಾಯಿ ಮಳೆಯಾಗಿ ಸುರಿಯುವುದು ಯಾಕೆಂದು ಇಂಗ್ಲಿಷ್ ವಿದ್ವಾಂಸರಿಗೇ ಗೊತ್ತಿಲ್ಲ. ಹುಲ್ಲು ಚಾವಣಿಯಿಂದ ಪ್ರಾಣಿಗಳು ಜಾರುತ್ತಿದ್ದವು ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವುದು ಕಟ್ಟುಕಥೆ. ಕಥೆ ನೆನಪಿಗೆ ಗೂಟ ಇದ್ದ ಹಾಗೆ. ಗೂಟ 'ನಿಜ' ಎಂದು ಹೇಳಿ ಹೊಡೆಯುವುದು ಬೇಡ. ನಮ್ಮ 'ರೈಲು ಬಿಡು' ಎಂಬುದಕ್ಕಾದರೂ ಯಾರು ಕಥೆ ಕೊಟ್ಟಾರು? ಗದಗ ಜಂಕ್ಷನ್ನಿನಲ್ಲಿ ರೈಲು ಬಿಡುವುದು ಗಾರ್ಡನ ಕೆಲಸ, ಚಹದಂಗಡಿಯಲ್ಲಿ ರೈಲು ಬಿಡುವುದು ಸುಳ್ಳು ಹೊಡೆಯುವವನ ಕೆಲಸ. ಯಾರೂ ಎರಡನ್ನು ಗೊಂದಲ ಮಾಡಿಕೊಳ್ಳುವುದಿಲ್ಲ. ಯಾರು, ಎಲ್ಲಿ, ಯಾವ ದನಿಯಲ್ಲಿ ಅಂದರು ಎಂಬುದೇ ಅರ್ಥವನ್ನು ಹೊತ್ತು ತರುತ್ತದೆ.

ಆ ದನಿಯ ವಿಷಯವೇ ಪಟ್ಟಿಗಳ ದೊಡ್ಡ ಕುರುಡು. 'ಕಿಕ್ ದಿ ಬಕೆಟ್: ಸಾಯು' ಎಂದು ಗೈಡು ಬರೆಯುತ್ತದೆ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಈ ಮಾತನ್ನು ಸೇರಿಸಿದ ನಿಘಂಟಿನ ಹೆಸರಿನಲ್ಲೇ ಅದು ಒರಟು ಮಂದಿಯ ಬಾಯಿಮಾತು ಎಂಬ ಎಚ್ಚರಿಕೆ ಇತ್ತು. ನಮ್ಮ ಕಡೆ ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಓಣಿಯ ಹಿರಿಯರು ತೀರಿಕೊಳ್ಳುತ್ತಾರೆ ಅಥವಾ ಶಿವನ ಪಾದ ಸೇರುತ್ತಾರೆ, ಆಗದವನು ಗೊಟಕ್ ಅನ್ನುತ್ತಾನೆ. ಸಾವು ಒಂದೇ, ಯಾವ ಪದವನ್ನು ಯಾರ ಮನೆಯ ಮುಂದೆ ಆಡಬೇಕೆಂದು ತಪ್ಪಿದರೆ ಏಟು ಬೀಳುತ್ತದೆ. ಇಷ್ಟು ಬಿಗಿಯಾದ ಮರ್ಯಾದೆಯ ಲೆಕ್ಕ ಬಲ್ಲ ಹುಡುಗ, ಗೈಡನ್ನು ನಂಬಿ, ಇಂಗ್ಲಿಷ್ ಸಂತಾಪ ಪತ್ರದಲ್ಲಿ ಸಹೋದ್ಯೋಗಿಯ ತಂದೆ ಬಕೆಟ್ ಒದ್ದರೆಂದು ಬರೆದರೆ ತಪ್ಪು ಅವನದಲ್ಲ. 'ಗೊಟಕ್ ಅಂದಂಗ' ಎಂಬ ಎರಡು ಪದದ ಟಿಪ್ಪಣಿ ಅವನ ಮಾನ ಉಳಿಸುತ್ತಿತ್ತು. ಆದರೆ ಪಠ್ಯದ ಕನ್ನಡದಲ್ಲಿ ಗೊಟಕ್ ಎಂಬುದಕ್ಕೆ ಪ್ರವೇಶವಿಲ್ಲ. ಹಾಗಾಗಿ ಇಂಗ್ಲಿಷಿಗೆ ಹೋಗುವ ಹತ್ತಿರದ ದಾರಿ ಮುಚ್ಚಿದೆ.

ಪರೀಕ್ಷೆಗೆ ಇಷ್ಟೆಲ್ಲ ಪುರಾಣ ಯಾಕೆ ಎಂಬುದು ಕೋಚಿಂಗ್ ಕ್ಲಾಸಿನವರ ಆಕ್ಷೇಪ. ಒಂದು ಅಂಕದ ಪ್ರಶ್ನೆ, ನಾಲ್ಕು ಆಯ್ಕೆ, ಬಾಯಿಪಾಠ ಸಾಕು. ನೌಕರಿಗಾಗಿ ವರ್ಷಗಟ್ಟಲೆ ಓದುವ ಹುಡುಗರ ಹೊತ್ತಿಗೆ ಬೆಲೆಯಿದೆ, ಇದನ್ನು ತಳ್ಳಿಹಾಕುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಆ ನಾಲ್ಕು ಆಯ್ಕೆಗಳನ್ನು ಹೇಗೆ ಕಟ್ಟುತ್ತಾರೆಂದು ನೋಡಿ. ಸರಿಯುತ್ತರದ ಪಕ್ಕದಲ್ಲಿ ಪದಶಃ ಅರ್ಥ ಒಂದು, ಹತ್ತಿರ ಹತ್ತಿರ ಹೋಗುವ ಅರ್ಥ ಒಂದು ಇಟ್ಟಿರುತ್ತಾರೆ. ಗುರಿಯಿಟ್ಟಿರುವುದೇ ಗೊತ್ತಿದೆ ಎಂದುಕೊಂಡವನಿಗೆ. ಪಟ್ಟಿಯಲ್ಲಿ ನೋಡಿರದ ನುಡಿಗಟ್ಟು ಬಂದರಂತೂ ಬಾಯಿಪಾಠ ಅಲ್ಲಿಗೆ ಕೈ ಕೊಟ್ಟಿತು. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಬೆಂಗಳೂರಿನ ಕಚೇರಿಯಲ್ಲಿ ತಮಿಳರು, ಜಪಾನಿನವರು, ಜರ್ಮನಿಯವರು ಕೂಡಿ ಆಡುವ ಇಂಗ್ಲಿಷಿನಲ್ಲಿ ನುಡಿಗಟ್ಟೇ ಬೇಡ, ನೇರ ಮಾತು ಸಾಕು. ಇದನ್ನು ಮುಕ್ಕಾಲುಪಾಲು ಒಪ್ಪುತ್ತೇನೆ. ಓದಿದ್ದು, ಕೇಳಿದ್ದು ತಿಳಿಯಲು ನುಡಿಗಟ್ಟು ಬೇಕು. ತಾನೇ ಬಳಸಲು ಅವಸರ ಬೇಕಿಲ್ಲ. ಪ್ರಬಂಧದಲ್ಲಿ ಎರಡು ನುಡಿಗಟ್ಟು ತುರುಕಿದರೆ ಅಂಕ ಹೆಚ್ಚು ಎಂಬ ನಂಬಿಕೆ ಬಿದ್ದುಹೋಗಬೇಕು. ಜೊನಾಥನ್ ಸ್ವಿಫ್ಟ್ 1738ರಲ್ಲಿ ಸವಕಲು ಮಾತಾಡುವ ದೊಡ್ಡಮನೆಯವರನ್ನು ಗೇಲಿ ಮಾಡಲು ಒಂದು ಪುಸ್ತಕ ಬರೆದ. ಬೆಕ್ಕು ನಾಯಿಯ ಮಳೆ ಆಗಲೇ ಆ ಸವಕಲು ಮಾತುಗಳ ರಾಶಿಯಲ್ಲಿತ್ತು. ಅದನ್ನೇ ಸುಮಾರು ಮುನ್ನೂರು ವರ್ಷದ ನಂತರ, ಮುಗಿಲು ನೋಡಿ ಕತ್ತು ನೋಯಿಸಿಕೊಳ್ಳುವ ಬರದ ತಾಲ್ಲೂಕಿನಲ್ಲಿ, 'ಮಳೆಗಾಲದ ಒಂದು ದಿನ' ಎಂಬ ಪ್ರಬಂಧದ ಮೊದಲ ಸಾಲಿಗೆ ಕೂರಿಸುತ್ತಿದ್ದೇವೆ.

ಮೂರನೆಯ ತಕರಾರು ಕನ್ನಡದ ಕಡೆಯಿಂದ ಬರುತ್ತದೆ. ಇಂಗ್ಲಿಷ್ ನುಡಿಗಟ್ಟುಗಳನ್ನು ಹೀಗೆ ಬಿಡಿಸಿ ಕಲಿಸುತ್ತಾ ಹೋದರೆ ಅವು ಕನ್ನಡದೊಳಕ್ಕೆ ನುಸುಳಿ ನಮ್ಮವನ್ನು ಓಡಿಸುವುದಿಲ್ಲವೆ? ನುಸುಳಿ ಬಹಳ ಕಾಲವಾಯಿತು. ಮೈಲಿಗಲ್ಲು, ಬಿಳಿಯಾನೆ, ಬೆಳಕು ಚೆಲ್ಲು ಇವೆಲ್ಲ ಅಲ್ಲಿಂದ ಬಂದವು, ಯಾರಿಗೂ ಪರಕೀಯ ಅನ್ನಿಸುವುದಿಲ್ಲ. 1880ರ ದಶಕದಲ್ಲಿ ಗದಗಕ್ಕೆ ರೈಲು ಹಳಿ ಬಂತು. ಮಾತುಕತೆ 'ಹಳಿ ತಪ್ಪುವುದು', ಯೋಜನೆಗೆ 'ಹಸಿರು ನಿಶಾನೆ' ತೋರುವುದು ಆ ಹಳಿಯ ಮೇಲೇ ಬಂದ ಸರಕು. ಅದಕ್ಕೂ ಮುಂಚೆ ಮರಾಠಿ, ಉರ್ದು ಬಂದವು. 1948ರ ವಿಲೀನದವರೆಗೆ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಅರಬ್ಬಿಯ 'ಖಬರ್' ಎಂದರೆ ಸುದ್ದಿ. ಇಲ್ಲಿ ಅದು 'ಖಬರ್ ಇಲ್ಲದಂವಾ', 'ಖಬರಗೇಡಿ' ಆಗಿ ಸುದ್ದಿಯನ್ನು ಬಿಟ್ಟು ಬುದ್ಧಿಗೆ ಅಂಟಿಕೊಂಡಿತು. ಯಾವ ಪಟ್ಟಿಯನ್ನೂ ಬಾಯಿಪಾಠ ಮಾಡದೆ, ಸಂತೆಯಲ್ಲಿ ಬೈದಾಡುತ್ತಲೇ ಜನ ಅದನ್ನು ತಮ್ಮದು ಮಾಡಿಕೊಂಡರು. ಹಾಗಾಗಿ ನನ್ನ ಅಳುಕು ಬರುವುದರ ಬಗ್ಗೆ ಇಲ್ಲ, ಅರಿಯದೆ ತರುವುದರ ಬಗ್ಗೆ ಇದೆ. ಟಿವಿ ಚರ್ಚೆಯಲ್ಲಿ 'ದಿನದ ಕೊನೆಯಲ್ಲಿ ಜನರೇ ತೀರ್ಪು ಕೊಡುತ್ತಾರೆ' ಎಂದಾಗ ಸಂಜೆ ಆರರ ಮೇಲೆ ಮತ ಎಣಿಕೆ ಇದೆಯೇನೋ ಅನ್ನಿಸುತ್ತದೆ. 'ಕಡೀಗೆ' ಎಂಬ ಮೂರಕ್ಷರ ಸಾಕಿತ್ತು. 'ಕಾರ್ಪೆಟ್ ಕೆಳಗೆ ಗುಡಿಸಿದರು' ಎಂದು ಬರೆಯುತ್ತಾರೆ, ಹಾಸುಗಲ್ಲಿನ ನೆಲದ ಮನೆಯಲ್ಲಿ ಕೂತು. ನಮಗೆ 'ತಿಪ್ಪೆ ಸಾರಿಸು' ಎಂಬ ಅದ್ಭುತವಾದ ಮಾತಿದೆ. ಕಾರ್ಪೆಟ್ಟಿನ ಕೆಳಗೆ ಹೋದದ್ದು ಕಸ ಮಾತ್ರ, ಮೇಲೆ ಮನೆ ಚೆಂದವೇ. ತಿಪ್ಪೆಯೋ ಮೊದಲೇ ಹೊಲಸು, ಅದರ ಮೇಲೆ ಸೆಗಣಿ ಬಳಿದು ಅಂಗಳ ಎಂದು ತೋರಿಸುವ ಹುಚ್ಚು ಧೈರ್ಯ ಅದರಲ್ಲಿದೆ. ಎರಡು ದಿನಕ್ಕೆ ವಾಸನೆ ಹೊಡೆಯುತ್ತದೆ ಎಂಬುದೂ ಇದೆ. 'ಕಾಲೆಳೆ' ಎಂಬುದರ ಪಾಡು ಇನ್ನೂ ತಮಾಷೆ. ಮೇಲೇರುವವನ ಕಾಲು ಹಿಡಿದು ಎಳೆಯುವ ಏಡಿಗಳ ಮತ್ಸರ ಅದರ ಹಳೆಯ ಅರ್ಥ; ಇಂಗ್ಲಿಷಿನಲ್ಲಿ ಕಾಲೆಳೆದರೆ ಬರೀ ಚೇಷ್ಟೆ. ಈಗ ನೆಟ್ಟಿಗರು ಸಚಿವರ ಕಾಲೆಳೆದರು ಎಂದು ಓದಿದಾಗ, ಕೆಡವಿದರೋ ಕೆಣಕಿದರೋ ಎಂದು ಪೂರ್ತಿ ಸುದ್ದಿ ಓದಿಯೇ ತಿಳಿಯಬೇಕು.

ಇಷ್ಟು ಹೇಳಿದ ಮೇಲೂ ನನ್ನ ವಾದದಲ್ಲಿ ಒಂದು ಬಿರುಕು ಉಳಿದಿದೆ, ಅದನ್ನು ತಿಪ್ಪೆ ಸಾರಿಸಿ ಮುಚ್ಚುವಂತಿಲ್ಲ. ಮನೆಯಲ್ಲಿ ಕಿವಿ ತಯಾರಾಗುತ್ತದೆ ಎಂದೆ. ಕಣ ಎಲ್ಲಿದೆ? ಜೋಳದ ರಾಶಿಯನ್ನು ಈಗ ಯಂತ್ರ ಒಂದೊಪ್ಪತ್ತಿನಲ್ಲಿ ಮಾಡಿ ಮುಗಿಸುತ್ತದೆ. ಹಂತಿ ಹಾಡು ಜಾನಪದ ಸ್ಪರ್ಧೆಯ ವೇದಿಕೆ ಏರಿದೆ. ಹದಿನಾಲ್ಕು ವರ್ಷದ ಹುಡುಗ ಮೇಟಿಯನ್ನು ನೋಡಿದ್ದರೆ ಚಿತ್ರದಲ್ಲಿ. ಬೆಟಗೇರಿಯ ಎಷ್ಟೋ ನೇಕಾರರ ಮಕ್ಕಳು ಲಾಳಿ ಮುಟ್ಟದೆ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಾರೆ. ಅವರಿಗೆ 'ಗಾಳಿ ಬಂದಾಗ ತೂರಿಕೋ' ಎಂಬುದೂ 'ಮೇಕ್ ಹೇ' ಎಂಬುದೂ ಒಂದೇ ದೂರದಲ್ಲಿ ನಿಂತ ಎರಡು ಪರದೇಶದ ಮಾತುಗಳು. ಹಾಗಿದ್ದರೆ ಮನೆಯ ಕನ್ನಡದ ಆಸರೆಯಿಂದ ಇಂಗ್ಲಿಷ್ ಕಲಿಸುವ ಮಾತೆಲ್ಲ ಮುದುಕರ ಕನಸೇ? ನನಗೆ ಹಾಗನ್ನಿಸುವುದಿಲ್ಲ. ವಸ್ತು ಹೋದರೂ ನುಡಿಗಟ್ಟು ತಕ್ಷಣ ಸಾಯುವುದಿಲ್ಲ; ಟೆಂಟರ್ ಚೌಕಟ್ಟು ನೋಡಿದ ಇಂಗ್ಲಿಷಿನವರು ಇವತ್ತು ಎಷ್ಟಿದ್ದಾರು, ಆದರೂ ಆತಂಕವಾದಾಗ ಆ ಕೊಕ್ಕೆಗೇ ನೇತು ಬೀಳುತ್ತಾರೆ. ಹುಡುಗರೂ ಸುಮ್ಮನೆ ಕೂತಿಲ್ಲ. 'ತಲ್ಯಾಗ ನೆಟ್‌ವರ್ಕ್ ಇಲ್ಲ', 'ಅವನ ಬ್ಯಾಟ್ರಿ ಡೌನ್' ಎಂದು ಹೊಸ ಕಟ್ಟು ಕಟ್ಟುತ್ತಿದ್ದಾರೆ, ಅದೇ ಹಳೆಯ ಹುರಿಯಿಂದ. ನ್ಯೂಕಾಸಲ್ಲಿಗೆ ಕಲ್ಲಿದ್ದಲು ಹೊತ್ತರೆಂಬ ಇಂಗ್ಲಿಷ್ ಮಾತಿಗೆ ನಮ್ಮಲ್ಲಿ ಏನಂತೀರಿ ಎಂದು ಕೇಳಿದರೆ 'ಬ್ಯಾಡಗಿಗೆ ಮೆಣಸಿನಕಾಯಿ ಒಯ್ದಂಗ' ಎಂದು ತರಗತಿಯ ಹಿಂದಿನ ಬೆಂಚು ತಾನೇ ಕಟ್ಟಿ ಒಗೆಯಬಲ್ಲುದು. ಆ ಉತ್ತರ ಯಾವ ಗೈಡಿನಲ್ಲೂ ಇಲ್ಲ.

ಕಪ್ಪತಗುಡ್ಡದ ಮೇಲೆ ಆಷಾಢದ ಗಾಳಿ ಮೊದಲಿನಂತೆಯೇ ಬೀಸುತ್ತದೆ. ಕೆಳಗೆ ಮರ ಎತ್ತಿ ಹಿಡಿದವರಿಲ್ಲ. ಮೇಲೆ ಮೂರು ರೆಕ್ಕೆಯ ಯಂತ್ರಗಳು ಸಾಲಾಗಿ ನಿಂತು ಆ ಗಾಳಿಯನ್ನೇ ಕರೆಂಟಾಗಿ ತೂರಿಕೊಳ್ಳುತ್ತಿವೆ.